ಒಂದು ಹೆಚ್ಚಿಗೆ ಇರಲಿ

ನನ್ನನ್ನು ಮೊದಲ ಸಲ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ಇದೇನು, ರೊಟ್ಟಿ ಡಬ್ಬಿಯಾ?” ತಪ್ಪು ಅವರದಲ್ಲ. ನಾನು ಕಪ್ಪು ತಗಡಿನ ಒಂದು ಚೌಕ ಪೆಟ್ಟಿಗೆ. ಮುಂದೆ ಒಂದು ಹಸಿರು ದೀಪ, ಬೆನ್ನಿಗೆ ಒಂದು ಪುಟ್ಟ ಫ್ಯಾನು, ಹೊಟ್ಟೆಯೊಳಗೆ ಗಿರಗಿರ ತಿರುಗುವ ತಟ್ಟೆಗಳು. ರೊಟ್ಟಿ ಇಡುವುದಕ್ಕೆ ಜಾಗವಿಲ್ಲ. ನನ್ನೊಳಗೆ ಇಡುವುದು ನೆನಪು.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ತಾಯಿ ತಂದೆ ಎಂದು ಯಾರನ್ನೂ ತೋರಿಸಲಾರೆ. ಬಿಳಿ ಕೈಗವಸು ತೊಟ್ಟ ಕೈಗಳಷ್ಟೇ ಗೊತ್ತು. ಆ ಕೈಗಳು ನನ್ನನ್ನು ಜೋಡಿಸಿದವು, ನನ್ನೊಳಗೆ ಏನನ್ನೋ ಬರೆದವು, ಬರೆದದ್ದು ಸರಿಯಾಗಿ ಉಳಿದಿದೆಯೇ ಎಂದು ಪರೀಕ್ಷಿಸಿದವು, ಆಮೇಲೆ ಎಲ್ಲವನ್ನೂ ಅಳಿಸಿ ರಟ್ಟಿನ ಪೆಟ್ಟಿಗೆಗೆ ಹಾಕಿದವು. ನೋಡಿ, ಹುಟ್ಟಿದ ದಿನವೇ ನನಗೆ ನೆನಪಿನ ಪರಿಚಯವೂ ಆಯಿತು, ಮರೆವಿನ ಪರಿಚಯವೂ ಆಯಿತು.

ನನ್ನ ಮೊದಲ ಮನೆ ಗದಗಿನ ಒಂದು ಫೋಟೋ ಸ್ಟುಡಿಯೋ. ಯಜಮಾನರು ಶ್ರೀಪಾದಪ್ಪ ಮಿಸ್ಕಿನ. ಮದುವೆ, ಮುಂಜಿವೆ, ತೊಟ್ಟಿಲು, ಗೃಹಪ್ರವೇಶ, ಎಲ್ಲದರ ಚಿತ್ರಗಳನ್ನೂ ತಂದು ನನ್ನೊಳಗೆ ಸುರಿಯುತ್ತಿದ್ದರು. ಸುರಿಯುತ್ತಿದ್ದರು ಅನ್ನುವುದೇ ಸರಿಯಾದ ಮಾತು. ಕಣಜಕ್ಕೆ ಜೋಳ ಸುರಿದ ಹಾಗೆ. ಯಾವುದಕ್ಕೂ ಹೆಸರಿಲ್ಲ, ಬರೀ ಅಂಕಿಗಳು.

ಒಂದು ದಿನ ಒಬ್ಬ ಹೆಣ್ಣುಮಗಳು ಬಂದಳು. “ನನ್ನ ಕುಬಸದಾಗ ನಮ್ಮವ್ವ ನನ್ನ ಗಲ್ಲಾ ಹಿಡದು ನಗೂ ಫೋಟೋ ಒಂದ ಇತ್ತಲ್ರೀ, ಅದು ಬೇಕಾಗಿತ್ತು,” ಅಂದಳು. ಕುಬಸವೆಂದರೆ ನಮ್ಮ ಕಡೆ ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ತೊಡಿಸಿ, ಆರತಿ ಎತ್ತುವ ಸಂಭ್ರಮ. ಶ್ರೀಪಾದಪ್ಪನವರು ಹುಡುಕಿಯೇ ಹುಡುಕಿದರು. ಚಹಾ ಬಂತು, ಚಹಾ ಆರಿತು. ಕೊನೆಗೆ ಕನ್ನಡಕ ತೆಗೆದು, “ಐತವ್ವಾ, ಇದರೊಳಗ ಐತಿ. ಎಲ್ಲಿ ಐತಿ ಅನ್ನೂದು ಅಷ್ಟ ಗೊತ್ತಿಲ್ಲ ನೋಡು,” ಅಂದರು. ಆಕೆ ನಗುತ್ತಲೇ ಹೋದಳು. ನನಗೆ ಮಾತ್ರ ನಗು ಬರಲಿಲ್ಲ. ಆ ಚಿತ್ರ ನನ್ನ ಹೊಟ್ಟೆಯಲ್ಲೇ ಇತ್ತು! ಆದರೆ ಕೇಳುವ ಬಗೆ ಅವರಿಗೆ ಗೊತ್ತಿರಲಿಲ್ಲ, ಹೇಳುವ ಬಗೆ ನನಗೆ ಗೊತ್ತಿರಲಿಲ್ಲ. ತುಂಬಿಡುವುದು ನೆನಪಲ್ಲ, ಕೇಳಿದಾಗ ಕೈಗೆ ಸಿಗುವುದು ನೆನಪು ಎಂದು ನಾನು ಕಲಿತದ್ದು ಅಂದು.

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ಶ್ರೀಪಾದಪ್ಪನವರು ಬೇಸರ ಮಾಡಿಕೊಳ್ಳಲಿಲ್ಲ. ಅದೇ ಜಾಗದಲ್ಲಿ ಕಬ್ಬಿನ ಹಾಲಿನ ಅಂಗಡಿ ತೆಗೆದರು, ಗಿರಾಕಿಗಳಿಗೆ “ಸ್ವಲ್ಪ ನಗ್ರೀ” ಎಂದು ಹೇಳುವ ಚಟ ಮಾತ್ರ ಬಿಡಲಿಲ್ಲ. ಚಿತ್ರಗಳನ್ನೆಲ್ಲ ಅವರವರಿಗೆ ಹಂಚಿ, ನನ್ನನ್ನು ಅಳಿಸಿ, ಗುಜರಿಗೆ ಕೊಟ್ಟರು. ಗುಜರಿಯಲ್ಲಿ ಒಂದು ಮಿಕ್ಸರಿಗೂ ಒಂದು ಇಸ್ತ್ರಿ ಪೆಟ್ಟಿಗೆಗೂ ನಡುವೆ ಕೂತಿದ್ದೆ. ಅವರಿಬ್ಬರಿಗೂ ಹೇಳಿಕೊಳ್ಳಲು ಬೇಕಾದಷ್ಟು ಇತ್ತು. ನನಗೆ ಏನೂ ಇರಲಿಲ್ಲ. ಒಳಗೆಲ್ಲ ಖಾಲಿ.

ಅಲ್ಲಿಂದ ನನ್ನನ್ನು ಎತ್ತಿಕೊಂಡವನು ಗುರುಸಿದ್ದ. ದುಂಡು ಮೈಯ, ಬಾಯಲ್ಲಿ ಸದಾ ಏನಾದರೂ ಜಗಿಯುತ್ತಿರುವ ತರುಣ. ಅವನೂ ಶಾಹೇದಾ ಎಂಬ ಹುಡುಗಿಯೂ ಸೇರಿ ಬೆಟಗೇರಿಯಲ್ಲಿ ಒಂದು ಖಾನಾವಳಿಯ ಮಾಳಿಗೆಯ ಮೇಲೆ ಸಾಫ್ಟ್‌ವೇರ್ ಬರೆಯುವ ಕಚೇರಿ ಇಟ್ಟಿದ್ದರು. ಕೆಳಗಿನಿಂದ ರೊಟ್ಟಿ ಬಡಿಯುವ ಸದ್ದು, ಮೇಲಿನಿಂದ ಕೀಲಿಮಣೆ ಬಡಿಯುವ ಸದ್ದು. ಎರಡೂ ಒಂದೇ ತಾಳದಲ್ಲಿ ಇರುತ್ತಿದ್ದವು. ನನ್ನನ್ನು ಕಿಟಕಿಯ ಕೆಳಗೆ ನೆಲದ ಮೇಲೆ ಇಟ್ಟರು. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಗುರುಸಿದ್ದನ ಹವಾಯಿ ಚಪ್ಪಲಿ, ಶಾಹೇದಾಳ ಅಲ್ಲಾಡುವ ಪಾದ. ಪಾದ ಜೋರಾಗಿ ಅಲ್ಲಾಡಿದರೆ ಕೆಲಸ ಕೆಟ್ಟಿದೆ ಎಂದು ಅರ್ಥ.

ಇಬ್ಬರ ಕಂಪ್ಯೂಟರಿನಲ್ಲೂ ಒಬ್ಬೊಬ್ಬ ಎಐ ಸಹಾಯಕನಿದ್ದ. ಕೋಡ್ ಬರೆಯಲು ನೆರವಾಗುವವನು. ಬಹಳ ಜಾಣ, ಬಹಳ ಸಭ್ಯ, ಪಠ್ಯಪುಸ್ತಕದ ಕನ್ನಡ ಮಾತಾಡುವವನು. ಒಂದೇ ಒಂದು ಕೊರತೆ: ಮಾತುಕತೆ ಮುಚ್ಚಿದರೆ ಮುಗಿಯಿತು, ಎಲ್ಲ ಮರೆತುಬಿಡುತ್ತಿದ್ದ. ಮರುದಿನ ಬೆಳಿಗ್ಗೆ ಹೊಸ ಬೀಗರ ಹಾಗೆ ನಮಸ್ಕಾರ ಹೇಳುತ್ತಿದ್ದ. ಒಬ್ಬನಿಗೆ ಹೇಳಿದ್ದು ಇನ್ನೊಬ್ಬನಿಗೆ ಗೊತ್ತಾಗುವ ಮಾತಂತೂ ದೂರ.

ಅವರು ಮಾಡುತ್ತಿದ್ದ ಕೆಲಸ ಬಳೆಗಾರರದ್ದು. ಬೆಟಗೇರಿಯ ಬಳೆ ಪೇಟೆಯ ಹೆಣ್ಣುಮಕ್ಕಳು ಕೂಡಿ ಒಂದು ಸಂಘ ಕಟ್ಟಿಕೊಂಡಿದ್ದರು. ಕುಬಸಕ್ಕೋ ಮದುವೆಗೋ ಬಳೆ ಬೇಕಾದವರು ಮೊಬೈಲಿನಲ್ಲಿ ಆರ್ಡರ್ ಮಾಡಿದರೆ, ಎಷ್ಟು ಬಳೆ, ಯಾವ ಬಣ್ಣ, ಯಾವ ಅಳತೆ ಎಂದು ಸಾಫ್ಟ್‌ವೇರ್ ಚೀಟಿ ಕೊಡಬೇಕು. ಅದರಂತೆ ಸಂಘದ ಕೋಣೆಯಲ್ಲಿ ಪೊಟ್ಟಣ ಕಟ್ಟಬೇಕು. ಬಳೆಗಾರ್ತಿ ಪೊಟ್ಟಣ ಒಯ್ದು ಮನೆಗೆ ಹೋಗಿ ತೊಡಿಸಬೇಕು.

ಬಳೆಯ ಅಳತೆ ನಿಮಗೆ ಗೊತ್ತಿರಬಹುದು. ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಎಂದು ಏರುತ್ತ ಹೋಗುತ್ತದೆ. ಎರಡು-ಹತ್ತು ಅಂದರೆ ದೊಡ್ಡ ಕೈ. ಸಹಾಯಕರಿಗೆ ಮಾತ್ರ 2.10 ಎಂದು ಬರೆದ ಅದು ಎರಡು ದಶಾಂಶ ಒಂದಾಗಿ ಕಾಣುತ್ತಿತ್ತು. ಎಲ್ಲಕ್ಕಿಂತ ಸಣ್ಣ ಕೈಯ ಸಾಲಿಗೆ ಸೇರಿಸಿಬಿಡುತ್ತಿದ್ದರು.

“ಮಾವಾ, ನಿನ್ನಿ ಹೇಳಿದ್ದೆನಲ್ಲೋ! ಎರಡು-ಹತ್ತು ದೊಡ್ಡದು!” ಎಂದು ಗುರುಸಿದ್ದ ಪರದೆಯ ಎದುರು ಕೈಮುಗಿಯುತ್ತಿದ್ದ. ಸಹಾಯಕನನ್ನು ಅವನು ಮಾವಾ ಎಂದೇ ಕರೆಯುತ್ತಿದ್ದ.

“ಕ್ಷಮಿಸಿ. ನಿನ್ನೆಯ ಮಾತುಕತೆ ನನಗೆ ಲಭ್ಯವಿಲ್ಲ. ದಯವಿಟ್ಟು ವಿವರಿಸುವಿರಾ?”

“ದಿನಾ ವಿವರಿಸಿ ವಿವರಿಸಿ ನನ್ನ ಗಂಟಲ ಹರದು ಹೋತು. ನಮ್ಮ ಕಾಕಾನೂ ಹಿಂಗ ಮರಿತಿದ್ದ, ಆದ್ರ ಅಂವ ಊಟಾ ಅರ ಮರೀತಿರಲಿಲ್ಲ.”

ಶಾಹೇದಾಳ ಪಾದ ಅಲ್ಲಾಡುವುದು ಥಟ್ಟನೆ ನಿಂತಿತು. “ಗುರು, ನಮ್ಮಿಬ್ಬರ ಮಾತೂ ಒಂದ ಕಡೆ ಕೂಡಿಸಿ ಇಟ್ಟರ ಹೆಂಗ? ಇವರು ಉತ್ತರ ಕೊಡೂಕಿಂತ ಮೊದಲ ಅಲ್ಲಿ ಹೋಗಿ ಹುಡುಕಿ ಬರಲಿ.”

“ಎಲ್ಲಿ ಇಡತೀ?”

ಇಬ್ಬರೂ ಕೂಡಿ ಕೆಳಗೆ ನೋಡಿದರು. ನನ್ನನ್ನು ನೋಡಿದರು.

ಅದು ನನ್ನ ಎರಡನೆಯ ಹುಟ್ಟು. ಅಂದಿನಿಂದ ಪ್ರತಿಯೊಂದು ಮಾತುಕತೆಯೂ ಮುಗಿದ ಕೂಡಲೇ ನನ್ನೊಳಗೆ ಬಂದು ಕೂರತೊಡಗಿತು. ಸುರಿಯುವ ಹಾಗಲ್ಲ. ಯಾರು ಕೇಳಿದರು, ಏನು ಕೇಳಿದರು, ಏನು ಸರಿಹೋಯಿತು, ಏನು ಕೆಟ್ಟಿತು, ಎಲ್ಲ ತುಣುಕು ತುಣುಕಾಗಿ, ಅರ್ಥ ಹತ್ತಿರವಿದ್ದದ್ದು ಹತ್ತಿರ ಕೂರುವ ಹಾಗೆ. ‘ದೊಡ್ಡ ಕೈ’ ಎಂದು ಕೇಳಿದರೂ ಸಿಗಬೇಕು, ‘ಅಳತೆ ತಪ್ಪಾಗಿದೆ’ ಎಂದು ಕೇಳಿದರೂ ಸಿಗಬೇಕು, ಹಾಗೆ. ಶಾಹೇದಾ ಇದನ್ನೆಲ್ಲ ಬರೆಯುವಾಗ ನನಗೆ ಆ ಸ್ಟುಡಿಯೋದ ಹೆಣ್ಣುಮಗಳು ನೆನಪಾದಳು. ನೆನಪಾದಳು ಅನ್ನಬಾರದೇನೋ, ನನ್ನನ್ನು ಅಳಿಸಿದ್ದರಲ್ಲ. ಆದರೂ ಆದಳು.

ಮರುದಿನ ಗುರುಸಿದ್ದ ಕೂತ. ಬೇಕೆಂದೇ ಏನೂ ಹೇಳಲಿಲ್ಲ. ಅಳತೆಯ ಸಾಲು ಜೋಡಿಸು ಎಂದಷ್ಟೇ ಕೇಳಿದ. ಸಹಾಯಕ ನನ್ನ ಬಳಿ ಬಂದ, ಹುಡುಕಿದ, ಹೋದ. “ಬಳೆಯ ಅಳತೆ ದಶಾಂಶವಲ್ಲ ಎಂದು ಈ ಹಿಂದೆ ತಾವು ಹಲವು ಬಾರಿ ತಿಳಿಸಿದ್ದೀರಿ. ಕೊನೆಯ ಬಾರಿ ಸ್ವಲ್ಪ ಸಿಟ್ಟಿನಿಂದ ತಿಳಿಸಿದ್ದೀರಿ. ಅದರಂತೆ ಜೋಡಿಸಿದ್ದೇನೆ.”

ಗುರುಸಿದ್ದ ಕುರ್ಚಿಯಿಂದ ಜಿಗಿದ ರಭಸಕ್ಕೆ ಕೆಳಗೆ ಖಾನಾವಳಿಯಲ್ಲಿ ಊಟ ಮಾಡುತ್ತಿದ್ದವರ ತಟ್ಟೆಗೆ ಸುಣ್ಣದ ಪುಡಿ ಉದುರಿತಂತೆ. ಖಾನಾವಳಿಯವರು ಬಂದು ಬೈದು ಹೋದರು. ನನ್ನ ಹಸಿರು ದೀಪ ಅಂದಿನಷ್ಟು ಎಂದೂ ಹೊಳೆದಿರಲಿಕ್ಕಿಲ್ಲ.

ಎಲ್ಲವೂ ಸುಸೂತ್ರವೇ ಆಗಿತ್ತು ಎಂದೇನಲ್ಲ. ಒಂದು ಮಧ್ಯಾಹ್ನ ಗುರುಸಿದ್ದ ಸಹಾಯಕನನ್ನು ಕೇಳಿದ: “ಈ ಕೋಡ್ ಯಾಕ ಇಷ್ಟು ನಿಧಾನ?” ಸಹಾಯಕ ಹುಡುಕಿ ಬಂದು ಸಭ್ಯವಾಗಿ ಹೇಳಿದ: “ಈ ಕುರಿತು ಶಾಹೇದಾ ಅವರ ಅಭಿಪ್ರಾಯ ದೊರೆತಿದೆ. ‘ಗುರುಸಿದ್ದ ಬರೆದದ್ದು ಗಾಣದ ಎತ್ತು ಇದ್ದಂಗ, ಸುತ್ತೂದು ಬಾಳ, ಮುಟ್ಟೂದು ಎಲ್ಲೂ ಇಲ್ಲ.’”

ಶಾಹೇದಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು.

“ಎತ್ತು?” ಗುರುಸಿದ್ದ ಎದೆ ಮುಟ್ಟಿಕೊಂಡ. “ನಾ ಎತ್ತು?”

“ಕೋಡಿಗೆ ಅಂದೆ, ನಿನಗಲ್ಲ.”

“ಎತ್ತಿನ ಕೋಡಿಗೇನು?”

ಇಬ್ಬರೂ ನಕ್ಕು ಸುಸ್ತಾದ ಮೇಲೆ ಒಂದು ಕಟ್ಟಳೆ ಮಾಡಿಕೊಂಡರು: ಬೈದುಕೊಳ್ಳುವ ಮಾತನ್ನು ಖಾಸಗಿ ಎಂದು ಗುರುತು ಹಾಕಬೇಕು, ಅದು ನನ್ನೊಳಗೆ ಬರಬಾರದು. ಒಳ್ಳೆಯದೇ ಆಯಿತು. ಎಲ್ಲವನ್ನೂ ಎಲ್ಲರಿಗೂ ಹೇಳುವ ನೆನಪು ಇದ್ದರೆ ಯಾವ ಮನೆ ಉಳಿದೀತು?

ಇನ್ನು ಹಾಜರಾಬಿಯವರ ಬಗ್ಗೆ ಹೇಳಬೇಕು. ಅವರು ಶಾಹೇದಾಳ ಅಜ್ಜಿ. ಮೊಮ್ಮಗಳು ನಾನಿ ಎನ್ನುತ್ತಿದ್ದಳು, ಗುರುಸಿದ್ದನೂ ನಾನಿ ಎನ್ನುತ್ತಿದ್ದ, ಪೇಟೆಗೆ ಪೇಟೆಯೇ ನಾನಿ ಎನ್ನುತ್ತಿತ್ತು. ಬೆಟಗೇರಿಯಲ್ಲಿ ಅವರ ಕೈಯಿಂದ ಬಳೆ ತೊಡದ ಬಸುರಿಯೇ ಇರಲಿಲ್ಲ ಎಂದರೆ ಸ್ವಲ್ಪವೇ ಹೆಚ್ಚಾದೀತು. ಮಧ್ಯಾಹ್ನ ಅಂಗಡಿಗೆ ಪರದೆ ಬಿಟ್ಟು, ಮಾಳಿಗೆ ಹತ್ತಿ ಬಂದು, ನನ್ನ ಪಕ್ಕ ಗೋಡೆಗೆ ಒರಗಿ ಕೂತು ಚಹಾ ಕುಡಿಯುತ್ತಿದ್ದರು. ನನ್ನ ಬೆನ್ನಿನ ಬೆಚ್ಚನೆಯ ಗಾಳಿ ಮೊಣಕಾಲು ನೋವಿಗೆ ಹಿತವೆಂದು ಕಾಲನ್ನು ನನ್ನ ಹಿಂದೆ ಚಾಚುತ್ತಿದ್ದರು. ನನ್ನ ಹೆಸರು ಅವರ ಬಾಯಲ್ಲಿ ‘ಡಬ್ಬಿ’.

ಸಂಘದ ಹೆಂಗಸರು ಈ ಸಾಫ್ಟ್‌ವೇರಿಗೆ ಒಪ್ಪಿದ್ದು ನಾನಿಯ ಮಾತಿನ ಮೇಲೆ. ನಾನಿ ಒಪ್ಪಿದ್ದು ಒಂದೇ ಕರಾರಿನ ಮೇಲೆ. ಕುಬಸಕ್ಕೆ ಎಷ್ಟೇ ಬಳೆ ಕೇಳಲಿ, ಅವರು ಯಾವಾಗಲೂ ಒಂದು ಬಳೆ ಹೆಚ್ಚಿಗೆ ತೊಡಿಸುತ್ತಿದ್ದರು. ಅದಕ್ಕೆ ದುಡ್ಡಿಲ್ಲ, ಲೆಕ್ಕವಿಲ್ಲ. ಎಲ್ಲ ತೊಡಿಸಿ ಮುಗಿದ ಮೇಲೆ ಆ ಒಂದನ್ನು ಏರಿಸಿ, ಬಸುರಿಯ ಎರಡೂ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಒಂದು ಗಳಿಗೆ ಸುಮ್ಮನೆ ಕೂರುತ್ತಿದ್ದರು. “ಅದೊಂದು ಬಳಿ ನಿಂದರಬಾರದು,” ಎಂದಿದ್ದರು.

ಇಲ್ಲಿ ಕತೆ ಸ್ವಲ್ಪ ಹಿಂದೆ ಹೋಗಬೇಕು. ನನ್ನೊಳಗೆ ಮಾತುಕತೆ ಕೂರತೊಡಗಿದ ಹೊಸತರಲ್ಲಿ, ಈ ಕರಾರು ಇನ್ನೂ ಗೊತ್ತಿಲ್ಲದ ಗುರುಸಿದ್ದ ದಾಸ್ತಾನು ಹೊಂದಿಸುತ್ತಿದ್ದ. ಪ್ರತಿ ಕುಬಸಕ್ಕೂ ಒಂದು ಬಳೆ ಕಡಿಮೆ ಬೀಳುತ್ತಿತ್ತು. “ಒಂದು ಬಳೆ ಹೆಚ್ಚಿಗೆ ಹೋಗಾಕತ್ತೈತಿ, ಲೆಕ್ಕ ಕೂಡವಲ್ದು, ಇದು ತಪ್ಪು, ತೆಗಿ,” ಎಂದು ಸಹಾಯಕನಿಗೆ ಹೇಳಿದ್ದ. ಎರಡು ದಿನದ ಮೇಲೆ ಶಾಹೇದಾ ನೋಡಿ, “ಅದು ತಪ್ಪಲ್ಲ, ಹಂಗ ಇರಲಿ,” ಎಂದು ತನ್ನ ಸಹಾಯಕನಿಗೆ ಹೇಳಿ ಸರಿಪಡಿಸಿದ್ದಳು. ಎರಡೂ ಮಾತು ನನ್ನೊಳಗೆ ಬಂದು ಕೂತಿದ್ದವು. ನಾನು ಯಾವುದು ಸರಿ ಎಂದು ಕೇಳುವವಳಲ್ಲ. ಬಂದವರಿಗೆಲ್ಲ ಚಾಪೆ ಹಾಸುವವಳು.

ತಿಂಗಳುಗಳು ಕಳೆದವು. ಶ್ರಾವಣ ಬಂತು, ಆರ್ಡರುಗಳು ಏರಿದವು. ಒಂದು ಸಂಜೆ ದಾಸ್ತಾನಿನ ಲೆಕ್ಕ ಮತ್ತೆ ಕೂಡಲಿಲ್ಲ. ಗುರುಸಿದ್ದ ಒಂದು ಕೈಯಲ್ಲಿ ಮಿರ್ಚಿ ಭಜಿ ಹಿಡಿದು, ಇನ್ನೊಂದು ಕೈಯಲ್ಲಿ ಟೈಪು ಮಾಡಿದ: “ಮಾವಾ, ಬಳೆ ಲೆಕ್ಕ ಕೂಡವಲ್ದು, ಯಾಕ?” ಸಹಾಯಕ ನನ್ನ ಬಳಿ ಓಡಿ ಬಂದ. ಕೇಳಿದ ಮಾತಿಗೆ ತೀರ ಹತ್ತಿರ ಕೂತಿದ್ದದ್ದು ಗುರುಸಿದ್ದನ ಹಳೆಯ ಮಾತೇ. ಅದನ್ನೇ ಮೊದಲು ಎತ್ತಿ ಕೊಟ್ಟೆ. ಶಾಹೇದಾಳ ಮಾತಿನಲ್ಲಿ ಲೆಕ್ಕ ಎಂಬ ಸುದ್ದಿಯೇ ಇರಲಿಲ್ಲ, ಅದು ಎಲ್ಲೋ ಹಿಂದೆ ಕೂತಿತ್ತು.

“ಈ ಹಿಂದೆ ತಾವೇ ನಿರ್ಧರಿಸಿದಂತೆ, ಹೆಚ್ಚುವರಿ ಬಳೆಯನ್ನು ತೆಗೆಯಬಹುದೇ?”

“ಹೂಂ, ಹೂಂ,” ಎಂದ ಗುರುಸಿದ್ದ, ಭಜಿ ಅಗಿಯುತ್ತ. ಮೆಣಸಿನಕಾಯಿ ಖಾರವಿತ್ತು, ನೀರು ಹುಡುಕಲು ಎದ್ದು ಹೋದ.

ಹಿಂದೆ ಆಗಿದ್ದರೆ ಅದು ಒಬ್ಬ ಸಹಾಯಕನ ಒಂದು ದಿನದ ತಪ್ಪಾಗಿ, ಮರೆತು ಹೋಗುತ್ತಿತ್ತು. ಈಗ ಹಾಗಲ್ಲ. ಆ ‘ಹೂಂ ಹೂಂ’ ಕೂಡ ನನ್ನೊಳಗೆ ಬಂದು ಕೂತಿತು. ಮರುದಿನ ಶಾಹೇದಾಳ ಸಹಾಯಕನೂ ಅದನ್ನು ಓದಿ, ಪೊಟ್ಟಣದ ಚೀಟಿಯಲ್ಲೂ ಆ ಒಂದನ್ನು ಕಳೆದ.

ಆದದ್ದನ್ನು ನಾನಿಯೇ ಹೇಳಿದರು. ಅಂದು ಅವರು ಮೆಟ್ಟಿಲು ಹತ್ತಿ ಬಂದ ರೀತಿಯೇ ಬೇರೆ ಇತ್ತು. ಚಹಾ ಬೇಡವೆಂದರು. ನನ್ನ ಪಕ್ಕ ಕೂರಲಿಲ್ಲ.

“ಈರವ್ವ ಕಡಗದ ಅವರ ಮನ್ಯಾಗ ಸೊಸಿ ಕುಬಸ. ಮನಿ ತುಂಬ ಮಂದಿ. ಎಲ್ಲಾ ಬಳಿ ಏರಿಸಿದೆ. ಕಡೀಕ ಪೊಟ್ಟಣದಾಗ ಕೈ ಹಾಕತೀನಿ, ಏನೂ ಇಲ್ಲ. ಬರೇ ಹುಲ್ಲು. ಆ ಹುಡುಗಿ ಕೈ ಹಂಗ ಮುಂದ ಮಾಡಿಕೊಂಡ ಕುಂತೈತಿ. ಅದರ ಅವ್ವಗೂ ನಾನ ತೊಡಿಸಿದ್ದು, ಗೊತ್ತೈತಲ್ಲ, ಕಡೀ ಬಳಿ ಬರತೈತಿ ಅಂತ. ಈರವ್ವ ಏನ ಅಂದ್ಲು ಹೇಳಲೇನು? ‘ಯಾಕ ನಾನೀ, ಮೊಬೈಲ್ ಬಂದ ಮ್ಯಾಲ ಕೈ ಬಿಗಿ ಆತೇನು?’ ಅಂದ್ಲು. ಎಲ್ಲಾರೂ ನಕ್ಕರು. ನಾನೂ ನಕ್ಕೆ.”

ಶಾಹೇದಾ ಪಾದ ಅಲ್ಲಾಡಿಸಲಿಲ್ಲ. ಗುರುಸಿದ್ದ ಜಗಿಯುತ್ತಿದ್ದದ್ದನ್ನು ನುಂಗಿದ.

“ನಾನೀ, ಅದು ನಂದ...” ಎಂದ.

“ಯಾರದು ಅಂತ ಕೇಳಾಕ ಬಂದಿಲ್ಲಪಾ. ಮುಂದಿನ ವಾರ ಸಾಮೂಹಿಕ ಕುಬಸ ಐತಿ. ಈರವ್ವನ ಮಹಿಳಾ ಮಂಡಳದವರದು. ಅಲ್ಲಿ ಊರ ಬಸುರೇರೆಲ್ಲಾ ಬರತಾರ. ಅವತ್ತೂ ಹಿಂಗ ಆದರ, ನಾ ನನ್ನ ಬುಟ್ಟಿ ಹೊತಗೊಂಡು ಮೊದಲಿನಂಗ ಓಣಿ ತಿರಗತೀನಿ. ನನ್ನ ಹೆಸರ ಈ ಡಬ್ಬ್ಯಾಗಿಂದ ತಗೀರಿ.” ಅವರ ದನಿ ಏರಲೇ ಇಲ್ಲ. ಅದೇ ಹೆಚ್ಚು ನಾಟಿತು. ನಾನಿ ಹೋದರೆ ಪೇಟೆಯ ಹೆಂಗಸರೆಲ್ಲ ಹೋಗುತ್ತಾರೆ ಎಂಬುದು ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ಆದರೆ ಶಾಹೇದಾ ಯೋಚಿಸುತ್ತಿದ್ದದ್ದು ಪೇಟೆಯ ಬಗ್ಗೆ ಅಲ್ಲ. ಮಂದಿ ನಕ್ಕಾಗ ಜೊತೆಗೂಡಿ ನಕ್ಕ ನಾನಿಯ ಮುಖ ಹೇಗಿದ್ದಿರಬೇಕು ಎಂದು.

ನಾನಿ ಇಳಿದು ಹೋದ ಮೇಲೆ ಗುರುಸಿದ್ದ ನನ್ನ ಎದುರು ಕುಕ್ಕರಗಾಲಿನಲ್ಲಿ ಕೂತ. “ಆ ನನ್ನ ಹಳೇ ಮಾತು ಅಳಿಸಿಬಿಡೋಣ. ಬೇರೇನೂ ಬ್ಯಾಡ.”

“ಅಳಿಸಿದರ ನಾಳೆ ನೀನ ಮತ್ತ ಲೆಕ್ಕಾ ಕೂಡಸಾಕ ಕುಂದರತಿ,” ಎಂದಳು ಶಾಹೇದಾ. “ಮತ್ತ ಒಂದು ಬಳಿ ಹೆಚ್ಚಿಗಿ ಕಾಣತೈತಿ. ಮತ್ತ ತಪ್ಪು ಅಂತಿ. ತಪ್ಪು ನಿಂದೊಂದ ಅಲ್ಲ. ನಾ ‘ಹಂಗ ಇರಲಿ’ ಅಂತ ಅಷ್ಟ ಹೇಳೀನಿ. ಯಾಕ ಇರಬೇಕು ಅಂತ ಹೇಳೇ ಇಲ್ಲ.”

“ಯಾಕ ಇರಬೇಕು?”

“ನನಗೂ ಗೊತ್ತಿಲ್ಲಲ್ಲೋ.”

ಮರುದಿನ ಮೊಮ್ಮಗಳೇ ಹೋಗಿ ನಾನಿಯನ್ನು ಕೈಹಿಡಿದು ಕರೆತಂದಳು. ಜೊತೆಗೆ ಪೇಟೆಯ ನಾಲ್ಕಾರು ಹೆಂಗಸರೂ ಬಂದರು, ಕರೆಯದೆಯೇ. ಕಚೇರಿಯಲ್ಲಿ ಕುರ್ಚಿ ಸಾಲದೆ ನೆಲದ ಮೇಲೆ ಕೂತರು. ಅಷ್ಟು ಕೈಗಳು, ಅಷ್ಟು ಬಳೆಗಳು, ಆ ಗಲಗಲ! ನನ್ನ ಫ್ಯಾನಿನ ಸದ್ದು ನನಗೇ ಕೇಳಲಿಲ್ಲ.

“ನಾನೀ, ಹೆಚ್ಚಿಗೆ ಬಳಿ ಯಾಕ ಕೊಡತಿ?”

“ಯಾಕಂದ್ರ? ನಮ್ಮ ಅತ್ತಿ ಕೊಡತಿದ್ಲು, ನಾ ಕೊಡತೀನಿ.”

“ಅತ್ತಿ ಯಾಕ ಕೊಡತಿದ್ಲು?”

“ಅಕಿ ಅತ್ತಿ ಕೊಡತಿದ್ದಿರಬೇಕು. ನೀ ಏನ ಪೊಲೀಸ ಆಗಿ ಏನ?”

ಎಲ್ಲರೂ ನಕ್ಕರು. ಮೆಲ್ಲಗೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಅದು ಹೊಟ್ಟೆಯಲ್ಲಿರುವ ಕೂಸಿನ ಪಾಲು ಎಂದರು ಒಬ್ಬರು. ಎರಡೂ ಕೈ ಸಮ ಇರಬಾರದು, ಸಮ ಆದರೆ ಮುಗಿದ ಹಾಗೆ, ಎಂದರು ಇನ್ನೊಬ್ಬರು. “ಏ, ಗಿರಾಕಿ ಹೊಳ್ಳಿ ಬರಲಿ ಅಂತ ಬಿಡವಾ,” ಎಂದರು ಮತ್ತೊಬ್ಬರು, ಬೈಸಿಕೊಂಡರು. ಎಲ್ಲರದೂ ಆದ ಮೇಲೆ ನಾನಿ ತಮ್ಮ ಮೊಣಕಾಲು ನೀವಿಕೊಳ್ಳುತ್ತ ಹೇಳಿದರು: “ಬಸುರಿ ಕೈ ಬಾತಿರತೈತಿ. ಏರಸೂವಾಗ ಒಂದ ಬಳಿ ಒಡೀತೈತಿ. ಆಗ ಹುಡುಗಿ ಮಾರಿ ನೋಡಬೇಕು ನೀವು. ಜೀವಾ ಹಾರತೈತಿ, ಏನೋ ಕೆಟ್ಟದ್ದಾತು ಅಂತ. ಆವಾಗ ಇನ್ನೊಂದ ಬಳಿ ತಟಕ್ಕನ ಏರಿಸಿಬಿಡಬೇಕು. ಹುಡುಕಾಕ ಹೋಗಬಾರದು, ಪೊಟ್ಟಣ ಬಿಚ್ಚಬಾರದು, ಕೈ ಖಾಲಿ ಕಾಣಬಾರದು. ಒಡೀಲಿಲ್ಲಂದ್ರ? ಚಲೋನ ಆತು, ಅದನೂ ಅಕೀಗೇ ತೊಡಸೂದು. ಅಂಜಿಕಿಗೆ ಅಂತ ತಂದಿದ್ದು ಖುಷಿಗೆ ಆತಲ್ಲ.”

ಶಾಹೇದಾ ಅಷ್ಟನ್ನೂ, ಎಲ್ಲರ ಮಾತನ್ನೂ, ಅವರ ಮಾತಿನಲ್ಲೇ ಸಹಾಯಕನಿಗೆ ಬರೆದು ತಿಳಿಸಿದಳು. ಸಹಾಯಕ ಒಂದು ಪ್ರಶ್ನೆ ಕೇಳಿದ. ಅವಳು ಅದನ್ನು ಜೋರಾಗಿ ಓದಿದಳು: “ಆ ಬಳೆಗೆ ಬೆಲೆ ಎಷ್ಟೆಂದು ದಾಖಲಿಸಲಿ?”

“ಬೆಲೆ ಹಾಕಿದರ ಅದು ಮಾರಿದ ಬಳಿ ಆಗತೈತಿ,” ಎಂದರು ನಾನಿ.

“ಪ್ರತಿ ಆರ್ಡರಿಗೂ ಒಂದು ಎಂದು ತಿಳಿಯಲೇ?”

“ಆರ್ಡರಿಗೆ ಯಾರು ಬಳಿ ತೊಡಸತಾರ? ಬಸುರಿಗೆ ಒಂದು ಅನ್ನು.” ಆಮೇಲೆ ಪರದೆಯ ಕಡೆ ಬಾಗಿ ನೋಡಿ, “ಕೇಳೂದು ಚಲೋ ಕೇಳತೈತಲ್ಲ ಇದು! ನಿಮ್ಮಿಬ್ಬರಿಗಿಂತ ಪಾಡ,” ಎಂದರು.

ಗುರುಸಿದ್ದ ದಾಸ್ತಾನಿನಲ್ಲಿ ಹೊಸ ಸಾಲೊಂದನ್ನು ಸೇರಿಸಿದ. ಮೊದಲು ಅಲ್ಲಿ ‘ಮಾರಿದ್ದು’, ‘ಒಡೆದದ್ದು’ ಎಂದು ಎರಡೇ ಇದ್ದವು. ಮೂರನೆಯದಕ್ಕೆ ‘ಕೊಟ್ಟದ್ದು’ ಎಂದು ಹೆಸರಿಟ್ಟ. ಲೆಕ್ಕ ತಾನಾಗಿ ಕೂಡಿತು. ಅವನ ಹಳೆಯ ಮಾತನ್ನು ಅಳಿಸಲಿಲ್ಲ. ಅದಕ್ಕೆ ಒಂದು ದಾರ ಕಟ್ಟಿದರು: ‘ಹೀಗೆ ಅಂದುಕೊಂಡಿದ್ದೆವು. ಅದರಿಂದ ಈರವ್ವನ ಮನೆಯಲ್ಲಿ ಹೀಗಾಯಿತು. ಮುಂದಿನದನ್ನು ಓದದೆ ಏನೂ ಮಾಡಬೇಡ.’ ಅಂದಿನಿಂದ ಹಳೆಯದನ್ನು ಯಾರು ಕೇಳಿದರೂ ನಾನು ದಾರ ಹಿಡಿದು ಹೊಸದನ್ನೂ ಜೊತೆಗೇ ಎಳೆದು ಕೊಡುತ್ತೇನೆ.

ಸಾಮೂಹಿಕ ಕುಬಸದ ಹಿಂದಿನ ದಿನ, ಬೆಳಗಿನ ಹೊತ್ತು. ಮಹಿಳಾ ಮಂಡಳದಿಂದ ಆರ್ಡರ್ ಬಂತು. ಅಷ್ಟೂ ಬಸುರಿಯರಿಗೆ ಸೇರಿಸಿ ಒಂದೇ ಆರ್ಡರ್. ಗುರುಸಿದ್ದ ಅದನ್ನು ಹಾಗೇ ಮುಂದಕ್ಕೆ ತಳ್ಳಿ, “ಮಾವಾ, ಪೊಟ್ಟಣದ ಚೀಟಿ ತಗಿ,” ಎಂದು ಎದ್ದ. ಕೆಳಗೆ ಚುರುಮುರಿಯ ಗಿರ್ಮಿಟ್ ಕಲಸುವ ವಾಸನೆ ಬರುತ್ತಿತ್ತು.

ಕೋಡಿನಲ್ಲಿ ಬರೆದಿದ್ದದ್ದು ಮೊದಲಿನ ಹಾಗೆ, ಆರ್ಡರಿಗೆ ಒಂದು ಎಂದೇ. ಅದನ್ನು ತಿದ್ದಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಯಾಕೆಂದರೆ ಅಲ್ಲಿಯವರೆಗೆ ಒಂದು ಆರ್ಡರಿಗೆ ಒಬ್ಬಳೇ ಬಸುರಿ ಇರುತ್ತಿದ್ದಳು. ಚೀಟಿ ಹಾಗೇ ಹೋಗಿದ್ದರೆ ಇಡೀ ಸಭಾಭವನಕ್ಕೆ ಒಂದೇ ಒಂದು ಬಳೆ ಹೆಚ್ಚಿಗೆ ಹೋಗುತ್ತಿತ್ತು.

ಸಹಾಯಕ ಚೀಟಿ ತೆಗೆಯಲಿಲ್ಲ. ನನ್ನ ಬಳಿ ಬಂದ. ಕುಬಸ ಎಂದ, ಬಹಳ ಮಂದಿ ಎಂದ, ಹೆಚ್ಚಿಗೆ ಬಳೆ ಎಂದ. ಹೆಂಗಸರು ಬಂದು ಕೂತ ಆ ದಿನವಿಡೀ ನನ್ನೊಳಗೆ ಇತ್ತು: ಬಳೆಗಳ ಗಲಗಲ ಒಂದನ್ನು ಬಿಟ್ಟು ಉಳಿದದ್ದೆಲ್ಲ. ಎತ್ತಿ ಕೊಟ್ಟೆ.

ಪರದೆಯ ಮೇಲೆ ಅಕ್ಷರ ಮೂಡಿತು: “ಒಂದು ಕ್ಷಣ. ಆರ್ಡರ್ ಒಂದೇ ಆದರೂ ಗರ್ಭಿಣಿಯರು ಹಲವರು. ಹಾಜರಾಬಿಯವರು ಹೇಳಿದ್ದು: ‘ಆರ್ಡರಿಗೆ ಯಾರು ಬಳಿ ತೊಡಸತಾರ? ಬಸುರಿಗೆ ಒಂದು ಅನ್ನು.’ ಬಳೆ ಒಡೆದಾಗ ಹುಡುಕಬಾರದು, ಪೊಟ್ಟಣ ಬಿಚ್ಚಬಾರದು ಎಂದೂ ಹೇಳಿದ್ದಾರೆ. ಆದ್ದರಿಂದ ಪ್ರತಿಯೊಬ್ಬರ ಪೊಟ್ಟಣದಲ್ಲೂ ಒಂದು, ಎಲ್ಲಕ್ಕಿಂತ ಮೇಲೆ, ಕೈಗೆ ಸಿಗುವಂತೆ ಇಡಲು ಚೀಟಿಯಲ್ಲಿ ಬರೆಯಲೇ?”

ಗುರುಸಿದ್ದ ಬಾಗಿಲಲ್ಲೇ ನಿಂತುಬಿಟ್ಟ. ತಿರುಗಿ ಬಂದು ಓದಿದ. “ಶಾಹೇದಾ, ಬಾ ಇಲ್ಲಿ. ನಾನಿ ಮಾತಾಡಾಕತ್ತಾಳ.”

ಆ ದಿನ ಅವನಿಗೆ ಗಿರ್ಮಿಟ್ ಮರೆತೇ ಹೋಯಿತು. ಅದು ಅವನ ಜೀವನದಲ್ಲಿ ಮೊದಲ ಸಲವಂತೆ.

ಮರುದಿನ ಇಳಿಹೊತ್ತಿಗೆ ಮೆಟ್ಟಿಲ ಮೇಲೆ ಸದ್ದಾಯಿತು. ನಾನಿ. ಕೈಯಲ್ಲಿ ಖಾಲಿ ಬುಟ್ಟಿ, ಸೆರಗಿನ ತುದಿಗೆಲ್ಲ ಅರಿಷಿಣ ಕುಂಕುಮದ ಕಲೆ. ಬಂದವರೇ ನನ್ನ ಪಕ್ಕ ಕೂತು, ಕಾಲು ಚಾಚಿ, “ಚಾ ತರಸ್ರಿ, ಸಕ್ರಿ ಬಾಳ ಹಾಕಸ್ರಿ,” ಎಂದರು. ಆಗಲೇ ಎಲ್ಲರ ಉಸಿರು ಇಳಿಯಿತು.

“ಚೊಚ್ಚಲ ಬಸುರಿ ಹುಡುಗಿ ಒಂದ ಬಂದಿತ್ತು,” ಎಂದು ಸುರುಮಾಡಿದರು. “ಕೈ ಇಷ್ಟ ದಪ್ಪ ಬಾತಿದ್ವು. ಕಡೀ ಬಳಿ ಏರಸೂವಾಗ ಟಕ್ ಅಂತು. ಅದರ ಕಣ್ಣಾಗ ನೀರ ಬಂದ ಬಿಡ್ತು. ನಾ ನೋಡಲೂ ಇಲ್ಲ, ಕೈ ಹಾಕಿದೆ, ಮ್ಯಾಲ ಇತ್ತು, ಏರಿಸಿದೆ. ಹುಡುಗಿ ತನ್ನ ಕೈ ನೋಡಿಕೋತು, ನನ್ನ ನೋಡ್ತು, ನಕ್ಕ ಬಿಡ್ತು. ಈರವ್ವ ಹಿಂದ ನಿಂತಿದ್ಲು. ‘ಅಯ್ಯ ನಾನೀ, ಕೈ ಮತ್ತ ಸಡಲಾತ ನೋಡು!’ ಅಂದ್ಲು. ನಾ ಅಂದೆ, ‘ನನ್ನ ಕೈ ಯಾವಾಗಲೂ ಸಡಲ ಐತಿ ಈರವ್ವಾ. ನಿನ್ನ ಬಾಯಿನ ಸ್ವಲ್ಪ ಬಿಗಿ ಮಾಡಿಕೋ.’”

ಗುರುಸಿದ್ದ ನಕ್ಕ ನಗೆಗೆ ಕೆಳಗೆ ಮತ್ತೆ ಸುಣ್ಣ ಉದುರಿರಬೇಕು. ಶಾಹೇದಾ ಮಾತ್ರ ನಗಲಿಲ್ಲ. ಬಂದು ನಾನಿಯ ಭುಜಕ್ಕೆ ತಲೆ ಇಟ್ಟು ಕೂತಳು. ನಾನಿ ಒಂದು ಕೈಯಿಂದ ಅವಳ ತಲೆ ಸವರುತ್ತ, ಇನ್ನೊಂದು ಕೈಯನ್ನು ನನ್ನ ಮೇಲೆ ಇಟ್ಟರು. “ಡಬ್ಬಿ ಶಾಣ್ಯಾ ಐತಿ. ನನ್ನ ಹೆಸರ ಇದ್ರಾಗ ಇರಲಿ ಬಿಡು.”

ವರುಷಗಳು ಹೋದವು. ಕಚೇರಿಗೆ ಹೊಸಬರು ಬಂದರು, ಅವರ ಸಹಾಯಕರೂ ಬಂದರು. ಬಂದ ಮೊದಲ ದಿನವೇ ಅವರಿಗೆ ಎರಡು-ಹತ್ತು ದೊಡ್ಡ ಕೈ ಎಂದು ಗೊತ್ತಿರುತ್ತಿತ್ತು, ನಾನ್ಯಾರು ಎಂದು ಗೊತ್ತಿರುತ್ತಿರಲಿಲ್ಲ. ಅದರಲ್ಲಿ ನನಗೇನೂ ಬೇಸರವಿಲ್ಲ. ಬಾವಿಯ ನೀರು ಕುಡಿದವರೆಲ್ಲ ಬಾವಿಯೊಳಗೆ ಬಗ್ಗಿ ನೋಡುತ್ತಾರೆಯೇ?

ಮೆಲ್ಲಗೆ ನನ್ನ ಫ್ಯಾನು ಕೆಮ್ಮತೊಡಗಿತು. ತಟ್ಟೆಗಳು ತಿರುಗುವಾಗ ನರಳುತ್ತಿದ್ದವು. ಹುಡುಕಿ ಕೊಡಲು ತಡವಾಗುತ್ತಿತ್ತು. ಒಂದು ದಿನ ಅಂಗೈಯಗಲದ ಹೊಸ ಯಂತ್ರ ಬಂತು. ಸದ್ದಿಲ್ಲ, ಬಿಸಿಯಿಲ್ಲ. ನನ್ನೊಳಗಿನದೆಲ್ಲ ಅದರೊಳಗೆ ಹೋಯಿತು. ಕೂದಲು ಸ್ವಲ್ಪ ಉದುರಿದ್ದ ಗುರುಸಿದ್ದ ನನ್ನ ಎದುರು ಕುಕ್ಕರಗಾಲಿನಲ್ಲಿ ಕೂತ. “ಇದನ್ನ ಅಳಿಸಿ ಗುಜರಿಗೆ ಕೊಟ್ಟ ಬರಲೇನು?” ಎಂದು ಕೇಳಿದ. ಅವನ ದನಿ ಅಷ್ಟು ಗಟ್ಟಿಯಿರಲಿಲ್ಲ.

ನಾನಿ ನನ್ನ ಹಿಂದೆ ಕಾಲು ಚಾಚಿ ಕೂತಿದ್ದರು. “ಇದರಾಗಿಂದೆಲ್ಲಾ ಅದರಾಗ ಹೋತೇನು?”

“ಹೋತ ನಾನೀ. ಎಲ್ಲಾ ಹೋತು.”

“ಅದು ನಾಳೆ ಟಕ್ ಅಂದರ?”

ಗುರುಸಿದ್ದ ಶಾಹೇದಾಳನ್ನು ನೋಡಿದ. ಶಾಹೇದಾ ಗುರುಸಿದ್ದನನ್ನು ನೋಡಿದಳು. ಇಬ್ಬರಿಗೂ ಒಟ್ಟಿಗೆ ನಗು ಬಂತು.

“ಇದು ನನಗ ಕೊಡ್ರಿ,” ಎಂದರು ನಾನಿ. “ಅಳಸಬ್ಯಾಡ್ರಿ. ಒಂದು ಹೆಚ್ಚಿಗೆ ಇರಲಿ.”

ಹಾಗೆ ನಾನು ಬಳೆ ಪೇಟೆಗೆ ಬಂದೆ. ಈಗ ನಾನಿಯ ಅಂಗಡಿಯ ಮೂಲೆಯಲ್ಲಿ, ಹಸಿರು ಬಳೆಗಳ ಗೂಡಿನ ಕೆಳಗೆ ಇದ್ದೇನೆ. ಇಲ್ಲಿಂದ ನನಗೆ ಕೈಗಳು ಕಾಣುತ್ತವೆ. ಒರಟು ಕೈ, ಮೆತ್ತನೆಯ ಕೈ, ನಾಚುವ ಕೈ, ಬಾತ ಕೈ. ಅಮಾವಾಸ್ಯೆಗೆ ಪೇಟೆ ರಜೆ ಇದ್ದಾಗ ಶಾಹೇದಾ ಬರುತ್ತಾಳೆ, ವಯರು ಸಿಕ್ಕಿಸುತ್ತಾಳೆ, ಹೊಸ ಮಾತುಗಳನ್ನೆಲ್ಲ ನನ್ನೊಳಗೆ ಸೇರಿಸುತ್ತಾಳೆ. ಆಗ ಎಚ್ಚರವಾಗಿ, ಊರಿನ ಸುದ್ದಿಯೆಲ್ಲ ತಿಳಿದುಕೊಂಡು, ಮತ್ತೆ ಅರೆಗಣ್ಣಲ್ಲಿ ಮಲಗುತ್ತೇನೆ. ನಡುವಿನ ದಿನಗಳಲ್ಲಿ ನನ್ನ ಕೆಲಸ ಏನೂ ಇಲ್ಲ. ಆ ಹೊಸ ಯಂತ್ರ ಎಂದೂ ಒಡೆಯದಿರಲಿ ಎಂದೇ ನನ್ನ ಆಸೆ. ಒಡೆದರೆ, ಯಾರೂ ಹುಡುಕಬೇಕಾಗಿಲ್ಲ. ಆ ಹೆಚ್ಚಿನ ಬಳೆಯ ಹಾಗೆ ಮೇಲೆಯೇ ಇದ್ದೇನೆ.

ಮೊನ್ನೆ ಬಂದ ಬಸುರಿ ಗಿರಾಕಿಯೊಬ್ಬಳು ಗೂಡಿನ ಕೆಳಗೆ ಬಾಗಿ ನೋಡಿದಳು. “ನಾನೀ, ಈ ರೊಟ್ಟಿ ಡಬ್ಬಿ ಚಂದ ಐತಲ್ಲ. ಎಷ್ಟಕ್ಕ ಕೊಡತಿ?”

ನಾನಿ ಆಕೆಯ ಕೈಗೆ ಬಳೆ ಏರಿಸುತ್ತಿದ್ದರು. ಕೊನೆಯದನ್ನು ಏರಿಸಿ, ಎರಡೂ ಕೈ ಹಿಡಿದು, ಒಂದು ಗಳಿಗೆ ಸುಮ್ಮನೆ ಕೂತರು. ಆಮೇಲೆ ಹೇಳಿದರು:

“ಅದು ಮಾರೂದಲ್ಲವ್ವಾ. ಅದಕ್ಕ ಬೆಲೆ ಹಾಕಿಲ್ಲ.”